ಬುಧವಾರದ ಏಳು ಪರ್ಸೆಂಟ್

ಕಾರಿನ ಬ್ಯಾಟರಿ ಅರವತ್ತನಾಲ್ಕು ಪರ್ಸೆಂಟ್. ಕೈಪಿಡಿಕಾರ ಕನ್ನಡಕ ಒರೆಸಿಕೊಂಡು ಮೊಬೈಲಿನಲ್ಲಿ ಇನ್ನೊಮ್ಮೆ ನೋಡಿದ. ಮಧ್ಯಾಹ್ನ ಎರಡಕ್ಕೆ ಹೆಂಡತಿ ಕಾರು ತೆಗೆದುಕೊಂಡು ಹೊರಟಾಗ ಎಪ್ಪತ್ತೊಂದು ಇತ್ತು. ಈಗ ಐದು ಗಂಟೆ. ಎಲ್ಲಿದ್ದೆ ಎಂದು ಕೇಳಿದ್ದಕ್ಕೆ, "ಚಾರ್ಜಿಂಗ್ ಸ್ಟೇಷನ್ನಲ್ಲಿದ್ದೆ" ಎಂದು ಹೇಳಿ ಅಡುಗೆಮನೆಗೆ ಹೋಗಿದ್ದಳು. ಅಲ್ಲಿಗೆ ಹೋಗಿ ಬಂದ ಕಾರಿನ ಬ್ಯಾಟರಿ ಏರಬೇಕೋ, ಇಳಿಯಬೇಕೋ? ಇದು ನಾಲ್ಕನೇ ಬುಧವಾರ.

ಮಿಕ್ಸಿ, ವಾಷಿಂಗ್ ಮೆಷಿನ್ನುಗಳ ಡಬ್ಬಿಯೊಳಗೆ ಬರುವ, ಯಾರೂ ಓದದ ಕೈಪಿಡಿಗಳನ್ನು ಬರೆಯುವುದು ಅವನ ಕಸುಬು. ಒಂದು ಪದ ಆಚೀಚೆಯಾದರೆ ಯಾರದೋ ಬೆರಳು ಹೋಗುತ್ತದೆ ಎಂದು ನಂಬಿದವನು. ಮನೆಯಲ್ಲಿ ಯಾರ ಬೆರಳಿಗೂ ಅಪಾಯವಿರಲಿಲ್ಲ, ಆದರೂ ತಿದ್ದುವುದು ಬಿಡಲಿಲ್ಲ. ಕಾರು ಚಾರ್ಜಾಯಿತು ಎಂದರೆ "ಕಾರಲ್ಲ, ಬ್ಯಾಟರಿ" ಎನ್ನುವನು. ಫುಲ್ಲಾಗಿದೆ ಎಂದರೆ ತೊಂಬತ್ತೆಂಟು ಎನ್ನುವನು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಹೆಂಡತಿ ಸುಳ್ಳು ಹೇಳುವುದಿರಲಿ, 'ಸುಮಾರು' ಎನ್ನುವುದನ್ನೂ ಬಿಟ್ಟಿದ್ದಳು. ಅದಕ್ಕೇ ಅವನಿಗೆ ದಿಗಿಲು.

ಬುಧವಾರ ಸಂಜೆ ಅವನ ಗೆಳೆಯ ಹಲ್ಲಿನ ಡಾಕ್ಟರು ಮನೆಗೆ ಬರುತ್ತಾರೆ. ಅವರದು ಕೆಂಪು ಪೆಟ್ರೋಲ್ ಕಾರು, ಇವನದು ಬಿಳಿ ಎಲೆಕ್ಟ್ರಿಕ್. ನನ್ನ ಕಾರಿಗೆ ಹೊಗೆಯೇ ಇಲ್ಲ ಎಂದು ಇವನು. ಹೊಗೆ ಇದೆ ಮಾರಾಯ, ಕರೆಂಟು ಹುಟ್ಟುವ ಕಡೆ ಇದೆ ಎಂದು ಅವರು. ಮೂರು ವರ್ಷವಾಯಿತು, ಗೆದ್ದವರಿಲ್ಲ, ಸೋತವರಿಲ್ಲ, ದಣಿದವರಂತೂ ಇಲ್ಲವೇ ಇಲ್ಲ. ಡಾಕ್ಟರು ಅವತ್ತು ಮಧ್ಯಾಹ್ನವೇ ಕ್ಲಿನಿಕ್ಕಿಗೆ ಬೀಗ ಹಾಕಿ ಮನೆಯಲ್ಲಿ ತಯಾರಿ ನಡೆಸುವರಂತೆ. ಇವನೂ ಕಮ್ಮಿಯಲ್ಲ. ಮಧ್ಯಾಹ್ನದ ಊಟವಾದ ಮೇಲೆ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಸಂಜೆಯ ವಾದಗಳನ್ನೆಲ್ಲ ಒಮ್ಮೆ ಹೇಳಿನೋಡುವನು. ಈಗೀಗ ಸರಿಯಾಗಿ ಆ ಹೊತ್ತಿಗೇ ಅವಳು ಕಾರು ಹತ್ತುತ್ತಿದ್ದಾಳೆ.

ಅವನು ಕಾಗದ ತೆಗೆದ. ಏಳು ಪರ್ಸೆಂಟ್ ಎಂದರೆ ಇಪ್ಪತ್ತೊಂದು ಕಿಲೋಮೀಟರ್. ಹೋಗಲು ಹತ್ತೂವರೆ, ಬರಲು ಹತ್ತೂವರೆ. ಸ್ಟೇಷನ್ನು ಇರುವುದು ಎರಡೇ ಕಿಲೋಮೀಟರಿನಲ್ಲಿ! ನಕಾಶೆ ಹರಡಿ, ಮನೆಯನ್ನು ನಡುವಿಟ್ಟು ಕೈವಾರದಲ್ಲಿ ವೃತ್ತ ಎಳೆದ. ಗೆರೆ ನೆಟ್ಟಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ ಹಾದುಹೋಯಿತು. ಬುಧವಾರ ಮಧ್ಯಾಹ್ನ ಬೀಗ ಬೀಳುವ ಕ್ಲಿನಿಕ್ಕು.

ಆ ಸಂಜೆ ಡಾಕ್ಟರು ಕೆಣಕಿದ್ದಕ್ಕೆಲ್ಲ ಇವನು ಬರೀ 'ಹೂಂ' ಎಂದ. ಚಾರ್ಜಿಂಗಿಗೆ ತಗಲುವ ಹೊತ್ತಿನ ಬಗ್ಗೆ ಅವರು ಶುದ್ಧ ತಪ್ಪು ಅಂಕಿ ಹೇಳಿದರು, ತಿದ್ದಲಿಲ್ಲ. ಡಾಕ್ಟರು ಕಣ್ಣು ಕಿರಿದು ಮಾಡಿ ನಕ್ಕರು.

"ಯಾಕಯ್ಯಾ, ಮಧ್ಯಾಹ್ನ ಮಾತಿಗೆ ಯಾರೂ ಸಿಗಲಿಲ್ವಾ?"

ಮಾಡುವುದನ್ನು ಮಾಡಿ ಮೇಲೆ ವ್ಯಂಗ್ಯ ಬೇರೆ. ಮುಂದಿನ ಬುಧವಾರದವರೆಗೆ ಅವನು ನಿದ್ದೆ ಮಾಡಲಿಲ್ಲ. ನಿಖರವಾಗಿ ಹೇಳಬೇಕೆಂದರೆ, ಸ್ವಲ್ಪ ಮಾಡಿದ.

ಬುಧವಾರ ಬಂತು. ಎರಡಕ್ಕೆ ಅವಳು ಕೀಲಿಕೈ ಎತ್ತಿಕೊಂಡಾಗ ಅವನು ಬಾಗಿಲಿಗೆ ಅಡ್ಡ ನಿಂತ. ಬ್ಯಾಟರಿ ಎಂಬತ್ತು ಇದೆಯಲ್ಲ, ಇವತ್ತು ಸ್ಟೇಷನ್ನಿಗೆ ಹೋಗಲೇಬೇಕಾ ಎಂದು ಕೇಳಿದ.

"ಹೋಗ್ಲೇಬೇಕು ಕಣ್ರೀ," ಎಂದಳು. "ಹೋಗದಿದ್ರೆ ಈ ಮನೇಲಿ ನನ್ನ ಕೈಲಿ ಇರಕ್ಕಾಗಲ್ಲ."

ಎಂಥ ಮಾತು! ಅವಳ ಕಾರು ಗೇಟು ದಾಟುವಷ್ಟರಲ್ಲಿ ಇವನು ಟ್ಯಾಕ್ಸಿ ಹಿಡಿದ. ಆ ಬಿಳಿ ಕಾರಿನ ಹಿಂದೆ ಹೋಗಿ ಎಂದ. ಹಿಂದೆ ಅಂದರೆ ತೀರಾ ಹಿಂದೆ ಅಲ್ಲ, ಮೂವತ್ತು ಮೀಟರ್, ನಲವತ್ತಾದರೂ ಅಡ್ಡಿಯಿಲ್ಲ, ಐವತ್ತು ಬೇಡ ಎಂದ. ಡ್ರೈವರು ರೇಡಿಯೋ ಜೋರು ಮಾಡಿದ.

ಹಿಂದಿನ ಸೀಟಿನಲ್ಲಿ ಕೂತು ಅವಳಿಗೆ ಹೇಳಬೇಕಾದ್ದನ್ನು ಜೋಡಿಸತೊಡಗಿದ. 'ನನಗೆ ಎಲ್ಲಾ ಗೊತ್ತಾಗಿದೆ.' ಎಲ್ಲಾ ಎಲ್ಲಿ ಗೊತ್ತಾಗಿದೆ? ಹೊಡೆದುಹಾಕಿದ. 'ನೀನು ನನಗೆ ಮೋಸ ಮಾಡಿದೆ.' ಪುರಾವೆ ಸಾಲದು, ಅದೂ ಹೋಯಿತು. 'ನನ್ನ ಬಿಟ್ಟು ಹೋಗಬೇಡ ಕಣೇ.' ಇದರಲ್ಲಿ ತಿದ್ದುವುದೇನೂ ಸಿಗಲಿಲ್ಲ. ಅವನ ಕಣ್ಣು ತುಂಬಿಕೊಂಡಿತು.

ನಾಲ್ಕು ನಿಮಿಷಕ್ಕೆ ಬಿಳಿ ಕಾರು ಚಾರ್ಜಿಂಗ್ ಸ್ಟೇಷನ್ನಿನೊಳಗೆ ತಿರುಗಿತು. ಅವಳು ಹೇಳಿದ ಜಾಗವೇ! ಸದ್ಯ, ಬದುಕಿದೆ ಎಂದುಕೊಂಡ. ಕಾರು ಪಾಯಿಂಟುಗಳನ್ನೆಲ್ಲ ದಾಟಿ ಕೊನೆಯ ಮರದ ನೆರಳಿಗೆ ಹೋಗಿ ನಿಂತಿತು. ಅಲ್ಲಿ ಆಗಲೇ ಇನ್ನೊಂದು ಕಾರು ಕಾಯುತ್ತಿತ್ತು. ಕೆಂಪು ಕಾರು. ಮೂರು ವರ್ಷ ಬೈದು ಬೈದು ನಂಬರು ಸಮೇತ ಬಾಯಿಪಾಠವಾಗಿದ್ದ ಕಾರು.

ಪೆಟ್ರೋಲ್ ಕಾರಿಗೆ ಇಲ್ಲೇನು ಕೆಲಸ? ಟ್ಯಾಕ್ಸಿ ಇಳಿದು ಕಂಬದ ಮರೆಯಲ್ಲಿ ಹತ್ತು ನಿಮಿಷ ನಿಂತ. ಯಾರೂ ಇಳಿಯಲಿಲ್ಲ. ಕಡೆಗೆ, ಆದದ್ದಾಗಲಿ ಎಂದು ಕೆಂಪು ಕಾರಿನತ್ತ ನುಗ್ಗಿ, ಮುಷ್ಟಿ ಬಿಗಿಹಿಡಿದು ಒಳಗೆ ಬಗ್ಗಿ ನೋಡಿದ.

ಡಾಕ್ಟರು ಇರಲಿಲ್ಲ. ಡಾಕ್ಟರ ಹೆಂಡತಿ ಒಬ್ಬರೇ ಸೀಟು ಹಿಂದಕ್ಕೆ ಚಾಚಿ, ಚಪ್ಪಲಿ ಕಳಚಿ, ಬಾಯಿ ತುಸು ತೆರೆದು ಗಾಢ ನಿದ್ದೆಯಲ್ಲಿದ್ದರು. ಪಕ್ಕದ ಬಿಳಿ ಕಾರಿನಲ್ಲಿ ಅವನ ಹೆಂಡತಿಯೂ ಏಸಿ ಹಾಕಿಕೊಂಡು, ಕಾಲು ಮೇಲಿಟ್ಟು ಕಣ್ಣು ಮುಚ್ಚಿದ್ದಳು. ಅಂಥ ನೆಮ್ಮದಿಯನ್ನು ಅವಳ ಮುಖದಲ್ಲಿ ಅವನು ಕಂಡು ವರ್ಷಗಳಾಗಿದ್ದವು. ಕಾರಿಗೆ ಕೇಬಲ್ ಚುಚ್ಚಿರಲಿಲ್ಲ, ಬುಧವಾರದ ಪರ್ಸೆಂಟುಗಳನ್ನು ಏಸಿ ಕುಡಿಯುತ್ತಿತ್ತು. ಗಾಜು ಬಡಿಯಲು ಕೈ ಎತ್ತಿದ. ಅಷ್ಟರಲ್ಲಿ ಸ್ಟೇಷನ್ನಿನ ಕಾವಲುಗಾರ ಓಡಿಬಂದು ಆ ಕೈ ಹಿಡಿದುಕೊಂಡ.

"ಎಬ್ಬಿಸಬೇಡಿ ಸಾರ್," ಎಂದು ಪಿಸುಗುಟ್ಟಿದ. "ಪಾಪ, ಇಬ್ಬರ ಮನೇಲೂ ಗಂಡಂದಿರು ಮಾತಾಡ್ತಾರಂತೆ."