ಶಾನುಭೋಗರ ವರದಿ

ಬಿರುಗಾಳಿ ಎದ್ದಾಗ ಓಡಿಹೋಗಿ ಸೇರಿಕೊಳ್ಳಲು ಊರಿಗೊಂದು ಗಟ್ಟಿ ಕಟ್ಟಡ ಕಟ್ಟಿಸಿಕೊಡಿ ಎಂದು ಮೀನು ಮಾರುವ ಚಿಕ್ಕು ಕೇಳಿದ್ದಕ್ಕೆ ಅಧಿಕಾರಿ ನಕ್ಕುಬಿಟ್ಟ.

"ಹಳೇ ಕಡತವನ್ನೆಲ್ಲ ಓದಿದ್ದೇನಜ್ಜಿ. ಬಂದ ಬಿರುಗಾಳಿಯೆಲ್ಲ ಬಡಗಲಿಗೇ ತಿರುಗಿ ಹೋಗಿದೆ. ನಿಮ್ಮೂರಿಗೆ ಒಂದೂ ಬಡಿದಿಲ್ಲ."

ಇಷ್ಟು ಓದಿಯೂ ಇವನ ತಲೆಯೊಳಗೆ ಬರೀ ಕಡಲದಂಡೆಯ ಹೊಯಿಗೆಯೇ ಎಂದು ಚಿಕ್ಕುವಿಗೆ ಅನ್ನಿಸಿತು. "ನನಗೆ ಏಳು ತುಂಬಿದ ವರ್ಷ ನವೆಂಬರಿನಲ್ಲಿ ಬಡಿದಿತ್ತಲ್ಲ, ಅದನ್ನು ತೆಗೀರಿ."

ಅವನು ಅವಳ ವಯಸ್ಸು ಕೇಳಿಕೊಂಡು ಕಡತ ಬಿಚ್ಚಿದ. "ನೋಡಿ, ಆ ನವೆಂಬರಿನಲ್ಲಿ ನಿಮ್ಮ ಶಾನುಭೋಗರಿಂದ ವರದಿಯೇ ಬಂದಿಲ್ಲ. ಏನಾದರೂ ಆಗಿದ್ದರೆ ಅವರು ಬರೆದು ಕಳಿಸುತ್ತಿರಲಿಲ್ಲವೇ?"

"ಎಲ್ಲಿಂದ ಕಳಿಸ್ತಾರೆ?" ಎಂದಳು ಚಿಕ್ಕು. "ಅಪ್ಪ ಮೂರು ದಿನ ಬಲೆ ಬೀಸಿ ಹುಡುಕಿದ್ದಕ್ಕೆ ಅವರ ಮುಂಡಾಸು ಮಾತ್ರ ಸಿಕ್ಕಿತು."