ಹಸನು ಮಾಡಿದ ಕಾಳು

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಸೋಲಾಪುರದ ವಿಜಾಪುರ ರಸ್ತೆಯ ಪ್ರಯೋಗಾಲಯದಲ್ಲಿ ದೀಪಾಲಿ ಅರ್ಜಿಯನ್ನು ಓದಿಕೊಂಡಳು: ಸತ್ತ ಕುರಿ, ಹದಿನೇಳು.

“ಹದಿನೆಂಟರಿ,” ಎಂದಳು ಎದುರಿಗೆ ಕುಳಿತಿದ್ದ ಬೀರವ್ವ. ಮಗ ರೇವಣ್ಣ ತಾಯಿಯ ಮೊಣಕೈ ಒತ್ತಿದ. ಅರ್ಜಿ ಬರೆದ ದಿನ ಹದಿನೇಳೇ ಸತ್ತಿದ್ದವು.

ಕುರಿಗಳು ತಿಂದ ತನ್ನ ಗೋವಿನಜೋಳದಲ್ಲಿ ಬೂಷ್ಟಿನ ವಿಷವಿದೆಯೆಂದು ಪ್ರಯೋಗಾಲಯದ ಕಾಗದ ತಂದರೆ ಕುರಿಗೆ ಕುರಿ ಕೊಡಿಸುವೆನೆಂದು ಅಕ್ಕಲಕೋಟೆಯ ವ್ಯಾಪಾರಿ ಸಾತಲಿಂಗಪ್ಪ ನಾಲ್ವರೆದುರು ಮಾತು ಕೊಟ್ಟಿದ್ದ. ಮರುದಿನವೇ ದೊಡ್ಡ ಮನಸ್ಸು ಮಾಡಿ ಉಳಿದ ಚೀಲಗಳನ್ನೆಲ್ಲ ಹಿಂದಕ್ಕೆ ಒಯ್ದು, ಬೇರೆ ಚೀಲ ಇಳಿಸಿ ಹೋಗಿದ್ದ. ಅಷ್ಟರೊಳಗೆ ಬೀರವ್ವ ತೆಗೆದಿರಿಸಿ ತಂದುಕೊಟ್ಟ ಎರಡು ಕಿಲೋ ಕಾಳಷ್ಟೇ ಈಗ ಸಾಕ್ಷಿ.

ಆ ಕಾಳಿನಲ್ಲಿ ನೂರು ಕೋಟಿ ಪಾಲಿಗೆ ನಾಲ್ಕು ಪಾಲು ವಿಷವಿತ್ತು. ಇಪ್ಪತ್ತರವರೆಗೆ ಅಡ್ಡಿಯಿಲ್ಲ. ದೀಪಾಲಿ ಎರಡು ಸಲ ಅಳೆದಿದ್ದಳು. ಎರಡು ಸಲವೂ ನಾಲ್ಕೇ. ಆದರೆ ಸತ್ತ ಕುರಿಯ ಯಕೃತ್ತನ್ನು ಕೊಯ್ದು ನೋಡಿದ ಪಶುವೈದ್ಯರು ಬೂಷ್ಟಿನ ವಿಷದಿಂದಲೇ ಸತ್ತದ್ದೆಂದು ಬರೆದಿದ್ದರು. ಅವಳು ಉಳಿದ ಕಾಳನ್ನು ತಟ್ಟೆಗೆ ಸುರಿದಳು. ಒಂದು ನುಚ್ಚಿಲ್ಲ, ಒಂದು ಕಪ್ಪು ಕಾಳಿಲ್ಲ.

“ಮಾವಶಿ, ಇದನ್ನ ಹೆಂಗ ತಗದ್ರಿ?”

“ಡಾಕ್ಟರ್ ಹೇಳಿದಂಗರಿ. ಚೀಲದ ಮ್ಯಾಗಿಂದ ಒಂದ ಸೇರು, ನಡುವಿಂದ ಒಂದ, ಬುಡದಿಂದ ಒಂದ.” ಬೀರವ್ವ ಸೆರಗು ಸರಿಮಾಡಿಕೊಂಡಳು. “ಆಮ್ಯಾಲೆ ಮೊರದಾಗ ಕೇರಿ, ಕರೀ ಕಾಳು, ಬೂಷ್ಟ ಹಿಡಿದ ಹಸರ ಕಾಳು ಆರಿಸಿ ತಗದು, ಹಸನ ಮಾಡಿ ತಂದೀನ್ರಿ. ಮಂದಿ ಕೈಯಾಗ ಹೊಲಸ ಕಾಳ ಹೆಂಗ ಇಡೂದು?”

ರೇವಣ್ಣ ಎದ್ದು ಕಿಟಕಿಯ ಬಳಿ ಹೋಗಿ ನಿಂತ. ಇನ್ನೊಮ್ಮೆ ಅಳೆಯಲು ಬರುವುದಿಲ್ಲವೇ ಎಂದು ಬೆನ್ನು ತಿರುಗಿಸಿಯೇ ಕೇಳಿದ. ಕಾಳಿನಲ್ಲಿ ಇಲ್ಲದ್ದನ್ನು ಯಂತ್ರ ಅಳೆಯಲಾರದೆಂದು ದೀಪಾಲಿ ತಿಳಿಸಿ ಹೇಳಿದಳು. ಆರಿಸಿ ತೆಗೆದ ಕಾಳು ಒಂದು ಬೊಗಸೆ ಉಳಿದಿದ್ದರೂ ತನ್ನಿರಿ, ಪಶುವೈದ್ಯರಿಗೆ ತೋರಿಸಿ ಮತ್ತೆ ಅರ್ಜಿ ಹಾಕೋಣ ಎಂದಳು.

ಬೀರವ್ವ ತಟ್ಟೆಯನ್ನು ದೀಪಾಲಿಯ ಕಡೆಗೆ ಸರಿಸಿದಳು.

“ಹಿತ್ತಲದಾಗ ಚೆಲ್ಲಿದ್ನಿರಿ. ಬೀರದೇವ್ರಿಗೆ ಬಿಟ್ಟ ಮರಿಗೆ ನಾವು ಹಗ್ಗ ಹಾಕಂಗಿಲ್ಲ. ಅದು ಬಂದು ಒಂದ ಕಾಳ ಬಿಡದ ತಿಂತು.”

ದೀಪಾಲಿ ಪೆನ್ನೆತ್ತಿ, ಅರ್ಜಿಯ ಹದಿನೇಳನ್ನು ಹೊಡೆದು ಹದಿನೆಂಟು ಬರೆಯಹೋದಳು. ಬೀರವ್ವ ಕಾಗದದ ಮೇಲೆ ಅಂಗೈಯಿಟ್ಟಳು.

“ಬ್ಯಾಡ್ರಿ. ಅದು ಸಾತಲಿಂಗಪ್ಪಂದಲ್ಲ. ದೇವ್ರಿಗೆ ನಾನ ಕೊಡೂದೈತಿ.”