ನಾಲ್ಕನೇ ಜ್ವರ

"ಮನೇಲಿ ನಾಲ್ಕನೇ ಜ್ವರ ಸಾಮಿ. ಇವತ್ತೆಲ್ಲಾ ಬಿಡುವು, ಅದಕ್ಕೇ ಬಂದೆ," ಎಂದು ಹೇಳಿ ಅಮ್ಮಾಜಮ್ಮ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಭಜನೆ ಮನೆಯ ಜಗುಲಿಯ ಮೇಲೆ ಕುಳಿತಳು. ಹೆಂಗಸರ ಅಕ್ಷರ ತರಗತಿಗೆ ಐದು ದಿನ ಚಕ್ಕರ್ ಹೊಡೆದಿದ್ದವಳು ಆ ಮಧ್ಯಾಹ್ನ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಹಾಜರಿ ಪುಸ್ತಕ ತೆರೆದಿದ್ದ ಗ್ರಾಮಸೇವಕ ವೆಂಕಟೇಶ್ ಪೆನ್ನು ಹಿಡಿದ ಕೈ ಹಾಗೇ ನಿಲ್ಲಿಸಿ ಅವಳ ಮುಖ ನೋಡಿದರು.

ಪಾಪ, ಅವರ ತಪ್ಪೇನಿಲ್ಲ ಬಿಡಿ. ಹಿರಿಯೂರಿನ ಕಡೆಯವರು, ರೇಷ್ಮೆ ಸೀರೆ ಕಂಡಿದ್ದರೇ ಹೊರತು ರೇಷ್ಮೆ ಹುಳು ಕಂಡವರಲ್ಲ. ಕೆಂಚಾರ್ಲಹಳ್ಳಿಯ ಆಸುಪಾಸಿನಲ್ಲಿ ಹುಳು ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಎತ್ತಿ, ಅಲುಗಾಡದೆ ಕೂತು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮೊದಲು ಇಂಥ ಜ್ವರ ನಾಲ್ಕು ಬರಬೇಕು. ಆಗ ಸೊಪ್ಪು ಕೊಯ್ಯುವಂತಿಲ್ಲ, ಹೆಚ್ಚುವಂತಿಲ್ಲ, ಮನೆಯವರ ಪಾಲಿಗೆ ಅದೊಂದು ದಿನ ಸುಗ್ಗಿ. ಮೂರು ವರ್ಷದ ಮಗುವಿಗೂ ಇದು ಗೊತ್ತು. ಗೊತ್ತಿಲ್ಲದವರು ಊರಿಗೆಲ್ಲ ಒಬ್ಬರೇ, ಕಲಿಸಲು ಬಂದವರು.

ಎಷ್ಟು ಜನಕ್ಕೆ ಎಂದು ಅವರು ಗಾಬರಿಯಿಂದ ಕೇಳಿದರು. ಹುಳುವನ್ನೂ ಜನ ಅನ್ನುವುದು ಓದಿದವರ ಮರ್ಯಾದೆ ಇರಬೇಕು ಎಂದುಕೊಂಡ ಅಮ್ಮಾಜಮ್ಮ, ಅದನ್ನೆಲ್ಲ ಯಾರು ಎಣಿಸುತ್ತಾರೆ ಎಂದಳು. ಔಷಧಿ ಏನು ಕೊಟ್ಟಿರಿ ಎಂದರೆ, ಮೈಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಬಂದೆ ಎಂದಳು. ಊಟ? ಇವತ್ತು ಏನೂ ಹಾಕುವ ಹಾಗಿಲ್ಲ, ಹಾಕಿದರೆ ಅತ್ತೆ ಕೈ ಮುರಿಯುತ್ತಾರೆ ಎಂದಳು. ವೆಂಕಟೇಶ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಉಳಿದ ಹೆಂಗಸರು ಬಂದು ಕೂತದ್ದೇ ತಡ, ಗ್ರಾಮಸೇವಕರು ಪಾಠ ಬದಿಗಿಟ್ಟು ಸೊಳ್ಳೆಯ ಮೇಲೆ ಒಂದು ಗಂಟೆ ಮಾತಾಡಿದರು. ಆಮೇಲೆ ಸೈಕಲ್ ಹತ್ತಿ, ಮಲೇರಿಯಾ ಪಂಪಿನವರು ಬೀಡುಬಿಟ್ಟಿದ್ದ ಕೆಂಚಾರ್ಲಹಳ್ಳಿಗೆ ಹೊರಟೇಬಿಟ್ಟರು.

ಅಮ್ಮಾಜಮ್ಮ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದಳು. ಅವತ್ತು 'ಜ' ಹೇಳಿಕೊಡುವ ದಿನ. 'ಅಮ್ಮ' ಎಂದು ಬರೆಯಲು ಅವಳಿಗೆ ಮೊದಲ ವಾರವೇ ಬಂದಿತ್ತು. ನಡುವೆ ಆ 'ಜ' ಒಂದು ಕೂತರೆ ಹೆಸರು ಹೆಚ್ಚುಕಮ್ಮಿ ಪೂರ್ತಿ. ಆದರೆ ಅತ್ತೆ ಮುನಿಗಂಗಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ಈ ಸಲದ ಹದಿನೇಳು ತಟ್ಟೆ ಹುಳು ನಿನ್ನ ಹೊಣೆ, ನಿನ್ನ ಅ ಆ ಇ ಈ ದೆಸೆಯಿಂದ ಒಂದು ತಟ್ಟೆ ಕೆಟ್ಟರೂ ಸ್ಲೇಟು ಒಲೆಗೆ. ಮುನಿಗಂಗಮ್ಮ ಆಡಿದ ಮಾತಿಗೆ ತಪ್ಪಿದವರೇ ಅಲ್ಲ. ಅಮ್ಮಾಜಮ್ಮನಿಗೋ ಹುಳುವೂ ಬೇಕಿತ್ತು, ಸ್ಲೇಟೂ ಬೇಕಿತ್ತು.

ಮಾರನೆಯ ಬೆಳಿಗ್ಗೆ ಹುಳು ಇನ್ನೂ ಜ್ವರದಿಂದ ಎದ್ದಿರಲಿಲ್ಲ. ಬಾಗಿಲಲ್ಲಿ ವೆಂಕಟೇಶ್ ನಿಂತಿದ್ದರು. ಅವರ ಹಿಂದೆ ಪಂಪು ಹಿಡಿದ ಎರ್ರಪ್ಪ, ಅವನ ಬಕೀಟಿನಲ್ಲಿ ಡಿ.ಡಿ.ಟಿ. ಕಲಸಿದ ಬಿಳಿ ನೀರು. ವಾಸನೆ ಮೂಗಿಗೆ ಬಡಿದದ್ದೇ ಅಮ್ಮಾಜಮ್ಮನ ಜೀವ ಬಾಯಿಗೆ ಬಂತು. ಸೊಳ್ಳೆ ಸಾಯುವ ಔಷಧಿಗೆ ರೇಷ್ಮೆ ಹುಳು ಬದುಕೀತೆ? ಬಾಗಿಲಿಗೆ ಅಡ್ಡ ಎರಡೂ ಕೈ ಚಾಚಿ ನಿಂತಳು.

"ವದ್ದು ಸಾಮಿ, ವದ್ದು. ಜ್ವರದ ಮನೆಗೆ ಅದು ಬ್ಯಾಡ."

"ಜ್ವರದ ಮನೆಗೇ ತಾಯಿ ಇದನ್ನ ಹೊಡೆಯೋದು."

"ಹೊಡೆದ್ರೆ ಒಂದೂ ಉಳಿಯಲ್ಲ."

"ಹೊಡೀದೆ ಇದ್ರೆ ಒಬ್ಬರೂ ಉಳಿಯಲ್ಲ," ಎಂದ ವೆಂಕಟೇಶ್, ಅವಿದ್ಯೆಯನ್ನು ಮಾತಿನಿಂದ ಗೆಲ್ಲುವುದು ಆಗದ ಕೆಲಸ ಎಂದು ಎರ್ರಪ್ಪನಿಗೆ ಕಣ್ಸನ್ನೆ ಮಾಡಿದರು. ಎರ್ರಪ್ಪ ಬಕೀಟು ಕೆಳಗಿಟ್ಟು ಪಂಪಿನ ಹಿಡಿಗೆ ಕೈ ಹಾಕಿದ. ಜ್ವರವನ್ನು ಜ್ವರ ಅನ್ನದೆ ಇನ್ನೇನು ಅನ್ನಬೇಕೋ ಅಮ್ಮಾಜಮ್ಮನಿಗೆ ಹೊಳೆಯಲಿಲ್ಲ. ಅಳು ಬಂತು. ಜ್ವರದಲ್ಲಿರುವ ಹುಳುವನ್ನು ಕದಲಿಸಬಾರದೆಂದು ಗೊತ್ತಿದ್ದೂ, ಬಾಗಿಲ ಪಕ್ಕದ ಬಿದಿರು ತಟ್ಟೆಯೊಂದನ್ನು ಅಲುಗದಂತೆ ಎತ್ತಿ ತಂದು ಗ್ರಾಮಸೇವಕರ ಮೂಗಿನ ಕೆಳಗೆ ಹಿಡಿದಳು.

"ನೋಡ್ಕೊಳ್ಳಿ ಸಾಮಿ, ಜ್ವರ."

ತಟ್ಟೆಯ ತುಂಬ ಹುಳು, ಎಲ್ಲವೂ ತಲೆ ಎತ್ತಿಕೊಂಡು ನಿಶ್ಚಲ, ಮೈಮೇಲೆಲ್ಲ ಸುಣ್ಣದ ಪುಡಿ. ವೆಂಕಟೇಶ್ ಆ ಸುಣ್ಣವನ್ನೇ ಬಹಳ ಹೊತ್ತು ನೋಡಿದರು. ಅವರ ಕಿವಿ ಮೊದಲು ಕೆಂಪಾಯಿತು, ಆಮೇಲೆ ಮುಖ. ಇದೇ ಸೀಮೆಯಲ್ಲಿ ಹುಟ್ಟಿದ ಎರ್ರಪ್ಪನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ; ತಟ್ಟೆ ಕಂಡದ್ದೇ ಬಕೀಟು ಎತ್ತಿಕೊಂಡು ಬೀದಿಯ ಆ ತುದಿಗೆ ಹೋಗಿ ನಿಂತ.

ಅಷ್ಟು ಹೊತ್ತಿಗೆ ತೋಟದಿಂದ ಮುನಿಗಂಗಮ್ಮ ಬಂದರು. ಬೀದಿಯಲ್ಲಿ ಪಂಪು, ಬಾಗಿಲಲ್ಲಿ ಮೇಷ್ಟ್ರು, ಸೊಸೆಯ ಕೈಯಲ್ಲಿ ಜ್ವರದ ತಟ್ಟೆ. ಇನ್ನು ಸ್ಲೇಟಿನ ಆಸೆ ಬಿಟ್ಟಹಾಗೇ ಎಂದು ಅಮ್ಮಾಜಮ್ಮ ತಲೆ ತಗ್ಗಿಸಿದಳು. ವೆಂಕಟೇಶ್ ಮಾತ್ರ ಪ್ರಾಮಾಣಿಕ ಮನುಷ್ಯ. ನಿನ್ನೆ ಕೇಳಿದ್ದು, ತಾನು ತಿಳಿದುಕೊಂಡದ್ದು, ಸೈಕಲ್ ತುಳಿದದ್ದು, ಒಂದನ್ನೂ ಮುಚ್ಚಿಡದೆ ಒಪ್ಪಿಸಿದರು. ತಪ್ಪೆಲ್ಲ ನನ್ನದು, ಇದಕ್ಕಾಗಿ ಇವರನ್ನು ತರಗತಿಯಿಂದ ಬಿಡಿಸಬೇಡಿ ಎಂದು ಕೈ ಮುಗಿದರು.

ಮುನಿಗಂಗಮ್ಮ ತಟ್ಟೆ ಈಸಿಕೊಂಡು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದರು. ಒಂದು ಹುಳುವೂ ಕೆಟ್ಟಿರಲಿಲ್ಲ. ಒಳಗಿಟ್ಟು ಬಂದು, ಗ್ರಾಮಸೇವಕರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದರು.

"ಬಿಡ್ಸೋದು ಹೆಂಗೆ ಸಾಮಿ? ಇವಳೂ ಬರ್ದೆ ಇದ್ರೆ, ನಿಮಗೆ ಕನ್ನಡ ಹೇಳ್ಕೊಡೋರು ಯಾರು?"